ಗಾರ್ಡ್ ಸಾಹೇಬರ ಕೀಲಿ ರೈಲು

ಫ್ಯಾಕ್ಟರಿಯಲ್ಲಿ ನನ್ನ ಹೆಸರು ರಿಜೆಕ್ಟ್ ಮೇಡಂ. ಬೆನ್ನ ಹಿಂದೆ ಇಟ್ಟ ಹೆಸರು. ಆದರೆ ಇಟ್ಟವರಿಗೆ ಮೆಲ್ಲಗೆ ಮಾತಾಡುವ ಅಭ್ಯಾಸ ಇಲ್ಲದ್ದರಿಂದ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಕಿವಿಗೆ ಬಿತ್ತು. ತುಮಕೂರಿನ ಎಣ್ಣೆ ಪಂಪಿನ ಕಾರ್ಖಾನೆ ಅದು. ಹೊರಗಿನ ಸಣ್ಣ ವರ್ಕ್‌ಶಾಪುಗಳಿಂದ ಬರುವ ಗೇರು, ಶಾಫ್ಟುಗಳನ್ನು ಅಳೆದು, ಸರಿಯಿದ್ದರೆ ಒಳಗೆ ಬಿಡುವುದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ವಾಪಸ್ಸು ಕಳಿಸುವುದು ಎಂಜಿನಿಯರಾದ ನನ್ನ ಕೆಲಸ. ನನಗೆ ಮೂಗಿನ ತುದಿಯಲ್ಲೇ ಕೋಪ. ಈ ಕೆಲಸಕ್ಕೆ ಅದು ಅನುಕೂಲವೇ ಆಗಿತ್ತು.

1985ರ ನವೆಂಬರಿನಲ್ಲಿ ಒಂದು ವಿಷಯ ನನ್ನ ತಲೆ ಕೆಡಿಸಿತು. ಊರಂಚಿನ ಸತ್ಯಮಂಗಲದ ಒಂದು ವರ್ಕ್‌ಶಾಪಿನಿಂದ ಬರುತ್ತಿದ್ದ ಗೇರುಗಳಲ್ಲಿ ಎಂಟು ತಿಂಗಳಿಂದ ಒಂದೂ ರಿಜೆಕ್ಟ್ ಆಗಿರಲಿಲ್ಲ. ಬೇರೆಯವರಾಗಿದ್ದರೆ ಸಂತೋಷ ಪಡುತ್ತಿದ್ದರು. ನನಗೆ ಅನುಮಾನ ಬಂತು. ನಾನು ರಜೆ ಹಾಕಿದ ದಿನ ನೋಡಿಕೊಂಡು ನಮ್ಮವರೇ ಯಾರೋ ಕೆಟ್ಟ ಮಾಲನ್ನು ಒಳಗೆ ಬಿಡುತ್ತಿದ್ದಾರೆ ಎಂದು ತೀರ್ಮಾನಿಸಿ, ಅಳತೆಯ ವರ್ನಿಯರನ್ನು ಚೀಲಕ್ಕೆ ಹಾಕಿಕೊಂಡು, ಯಾರಿಗೂ ಹೇಳದೆ ಒಂದು ಮಧ್ಯಾಹ್ನ ಹೊರಟೆ. ಕಳ್ಳನನ್ನು ಹಿಡಿಯಲು ಹೊರಟ ಪೊಲೀಸರ ಗತ್ತು ನನ್ನದು.

ಶೀಟು ಹೊದಿಸಿದ ಷೆಡ್ಡು. ಎರಡು ಲೇತು, ಒಂದು ಮಿಲ್ಲಿಂಗ್ ಮಷೀನು, ಇಬ್ಬರು ಮೂವರು ಕೆಲಸಗಾರರು. ಮೂಲೆಯಲ್ಲಿ ಬೆನ್ನು ಮಾಡಿ ನಿಂತಿದ್ದವರು ಯಜಮಾನರು ಎಂದು ಟರ್ನರ್ ಚಿಕ್ಕಹನುಮಯ್ಯ ತೋರಿಸಿದ. "ರೀ, ಸ್ವಲ್ಪ ಈ ಕಡೆ ಬರ್ತೀರಾ?" ಎಂದು ನಾನು ಜೋರಾಗಿಯೇ ಕರೆದೆ. ಆ ಮನುಷ್ಯ ತಿರುಗಿದ. ನಮ್ಮ ಅಮ್ಮನ ಮುಖಕ್ಕೆ ಮೀಸೆ ಅಂಟಿಸಿದ ಹಾಗಿತ್ತು. ನನ್ನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

"ಅಂಜನಪ್ಪ ಮಾವ!" ಎಂದೆ.

ಅವನು ಎಣ್ಣೆ ಕೈಯನ್ನು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದ. "ರಂಗಕ್ಕನ ಮಗ್ಳು ಸಿದ್ದಿ ಏನೇ ನೀನು? ಅಂದ್ರೆ ಆ ಪಂಪ್ ಕಂಪ್ನಿ ರಿಜೆಕ್ಟ್ ಮೇಡಂ ನೀನೇನಾ?" ಎಂದವನು ಗಹಗಹಿಸಿ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಹದಿಮೂರು ವರ್ಷದಿಂದ ಈ ಮನುಷ್ಯನ ಬಾಳು ಹಾಳು ಮಾಡಿದವಳು ನಾನು ಎಂದು ಒಳಗೊಳಗೇ ಬೇಯುತ್ತಿದ್ದವಳಿಗೆ ನಗು ಎಲ್ಲಿಂದ ಬರಬೇಕು?

ಇಲ್ಲಿ ಹಿಂದಿನದನ್ನು ಹೇಳದೆ ವಿಧಿಯಿಲ್ಲ.

ಗುಬ್ಬಿಯಲ್ಲಿ ನಮ್ಮ ಮನೆ ರೈಲ್ವೆ ಸ್ಟೇಷನ್ನಿಗೆ ಎರಡು ಬೀದಿ ಈಚೆ. ಅಪ್ಪನ ಅಪ್ಪ, ಮುದ್ದಯ್ಯ ತಾತ, ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದವರು. ಊರಿಗೆಲ್ಲ ಗಾರ್ಡ್ ಸಾಹೇಬರು, ಮನೆಯೊಳಗೂ ಗಾರ್ಡ್ ಸಾಹೇಬರೇ. ಅವರು ಸೀಟಿ ಊದದೆ ನಮ್ಮ ಮನೆಯಲ್ಲಿ ಏನೂ ಹೊರಡುತ್ತಿರಲಿಲ್ಲ ಎಂದು ಅಮ್ಮ ಅಡುಗೆಮನೆಯಲ್ಲಿ ಗೊಣಗುತ್ತಿದ್ದಳು. ಅವರ ಹತ್ತಿರ ಒಂದು ಆಟದ ರೈಲಿತ್ತು. ಬೆಂಗಳೂರು ದಂಡಿನಲ್ಲಿ ಯಾರೋ ಇಂಗ್ಲಿಷ್ ದೊರೆ ಮನೆ ಖಾಲಿ ಮಾಡಿ ಹೋಗುವಾಗ ಹರಾಜಿನಲ್ಲಿ ಕೊಂಡದ್ದು, ಜರ್ಮನಿಯ ಮಾಲು. ತಗಡಿನ ಹಸಿರು ಎಂಜಿನ್, ಎರಡು ಡಬ್ಬಿ, ದುಂಡಗೆ ಜೋಡಿಸುವ ಹಳಿ. ಗೋಡೆ ಗಡಿಯಾರಕ್ಕೆ ಕೊಡುವ ಹಾಗೆ ಕೀಲಿ ಕೊಟ್ಟರೆ ಓಡುತ್ತಿತ್ತು.

ವರ್ಷವಿಡೀ ಟ್ರಂಕಿನೊಳಗಿರುತ್ತಿದ್ದ ರೈಲು ದಸರೆಗೆ ಗೊಂಬೆ ಕೂರಿಸಿದಾಗ ಹೊರಗೆ ಬರುತ್ತಿತ್ತು. ಆದರೆ ಓಡುತ್ತಿದ್ದದ್ದು ಆಯುಧಪೂಜೆಯ ಸಂಜೆ ಮಾತ್ರ. ತಾತ ಹಳೆಯ ಯೂನಿಫಾರಂ ಕೋಟು ತೊಟ್ಟು, ಎಂಜಿನ್ನಿಗೆ ಗಂಧ ಕುಂಕುಮ ಹಚ್ಚಿ, ಸೀಟಿ ಊದಿ, ಹಸಿರು ಬಾವುಟ ಬೀಸುತ್ತಿದ್ದರು. ರೈಲು ಪಟ್ಟದ ಗೊಂಬೆಗಳ ಸುತ್ತ ಏಳು ಸುತ್ತು ಹೊಡೆದು ನಿಲ್ಲುತ್ತಿತ್ತು. ನೋಡಲು ಬೀದಿಯೇ ನೆರೆಯುತ್ತಿತ್ತು. ನಾನು ಎಂಜಿನಿಯರ್ ಆಗುತ್ತೇನೆಂದು ಹಠ ಹಿಡಿದದ್ದು ಆ ಏಳು ಸುತ್ತು ನೋಡಿಯೇ.

ಅಂಜನಪ್ಪ ಮಾವ ಅಮ್ಮನ ತಮ್ಮ, ಕುಣಿಗಲ್ಲಿನವನು. ಕುಣಿಗಲ್ಲಿನಲ್ಲಿ ಕುದುರೆ ಫಾರಂ ಇತ್ತು, ರೈಲು ಇರಲಿಲ್ಲ. ಹೈಸ್ಕೂಲಿಗೆಂದು ಗುಬ್ಬಿಗೆ ಬಂದು ನಮ್ಮ ಮನೆಯಲ್ಲಿ ಉಳಿದವನು, ಮೊದಲ ಸಲ ರೈಲೆಂಜಿನ್ ನೋಡಿ ಊಟ ಮರೆತು ಪ್ಲಾಟ್‌ಫಾರಮ್ಮಿನಲ್ಲೇ ಕೂತಿದ್ದನಂತೆ. ಮನೆಯ ಹೊಲಿಗೆ ಮಷೀನು, ಬೀದಿಯವರ ಸೀಮೆಎಣ್ಣೆ ಸ್ಟವ್ವು ಎಲ್ಲ ಅವನ ಕೈಯಲ್ಲೇ ರಿಪೇರಿ. 1972ರಲ್ಲಿ ಅವನಿಗೆ ಹದಿನೆಂಟು. ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಸೇರಲು ಅರ್ಜಿ ತುಂಬಿದ್ದ. ಜೊತೆಗಿಡಲು ತಾತನೇ ನಡತೆ ಪತ್ರ ಬರೆದು ಸಹಿ ಹಾಕಿಕೊಟ್ಟಿದ್ದರು. ಹಬ್ಬ ಮುಗಿದ ಕೂಡಲೇ ಪೋಸ್ಟ್ ಮಾಡುವುದೆಂದು ಆ ಲಕೋಟೆಯನ್ನೂ ಗೊಂಬೆಗಳ ಮುಂದೆ ಪೂಜೆಗೆ ಇಟ್ಟಿದ್ದರು.

ಆ ವರ್ಷ ದುರ್ಗಾಷ್ಟಮಿಯ ಮಧ್ಯಾಹ್ನ, ಉಂಡು ಎಲ್ಲರೂ ಮಲಗಿದ್ದಾಗ, ಹತ್ತು ವರ್ಷದ ನಾನು ಹೊಲಿಗೆ ಮಷೀನಿನ ಸ್ಕ್ರೂಡ್ರೈವರ್ ತೆಗೆದುಕೊಂಡು ಎಂಜಿನ್ ಬಿಚ್ಚಿದೆ. ಒಳಗೆ ಏನಿದೆ ಎಂದು ನೋಡಬೇಕಿತ್ತು, ಅಷ್ಟೇ. ಉಕ್ಕಿನ ಪಟ್ಟಿಯ ಸುರುಳಿಗಳು, ಹಲ್ಲಿರುವ ಚಕ್ರಗಳು. ನೋಡಿ ಮೈ ಜುಮ್ಮೆಂದಿತು. ಬಿಚ್ಚಿದ ಹಾಗೆಯೇ ಜೋಡಿಸಿದೆ ಎಂದುಕೊಂಡೆ, ಆದರೆ ಹಿತ್ತಾಳೆಯ ಒಂದು ಪುಟ್ಟ ಚಕ್ರ ಕೈಯಲ್ಲೇ ಉಳಿದಿತ್ತು. ಅದನ್ನು ಕಂಪಾಸು ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ.

ಮಾರನೆಯ ಸಂಜೆ ತಾತ ಕೀಲಿ ಕೊಟ್ಟರು. ಮಜ್ಜಿಗೆಯಲ್ಲಿ ಚಮಚ ತಿರುಗುವ ಹಾಗೆ ಕೀಲಿ ಸುಮ್ಮನೆ ತಿರುಗಿತು. ಸೀಟಿ ಊದಿದರು, ಬಾವುಟ ಬೀಸಿದರು. ರೈಲು ಕದಲಲಿಲ್ಲ. ಆರತಿ ತಟ್ಟೆ ಹಿಡಿದ ಹೆಂಗಸರು ಮುಖ ಮುಖ ನೋಡಿಕೊಂಡರು. ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದರು. ತಾತನ ಮುಖ ಕೆಂಪಾಯಿತು.

"ಯಾರೋ ಮುಟ್ಟವ್ರೆ ಇದನ್ನ," ಎಂದರು. "ಈ ಮನೇಲಿರೋ ಪ್ರತಿಯೊಬ್ರೂ ಕರ್ಪೂರ ಆರ್ಸಿ ಆಣೆ ಮಾಡ್ಬೇಕು. ಮೊದ್ಲು ನಾನೇ ಮಾಡ್ತೀನಿ."

ನಮ್ಮ ಕಡೆ ದೇವರ ಮುಂದೆ ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿ ಆಣೆ ಮಾಡುವುದೆಂದರೆ ಹುಡುಗಾಟವಲ್ಲ. ಸುಳ್ಳು ಆಣೆ ಮನೆತನಕ್ಕೇ ತಗಲುತ್ತದೆ, ಹೊಟ್ಟೆಯೊಳಗಿನ ಕೂಸನ್ನೂ ಬಿಡುವುದಿಲ್ಲ ಎಂದು ನಂಬುವ ಜನ. ಅಮ್ಮ ಆಗ ಏಳು ತಿಂಗಳ ಬಸುರಿ. ನಾನು ಅವಳ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ತಾತ ಕರ್ಪೂರದ ಕಡೆ ಕೈ ಚಾಚಿದರು. ಮಾವ ಜನರ ಮಧ್ಯದಿಂದ ನುಗ್ಗಿ ಬಂದು ಆ ಕೈಯನ್ನು ಹಿಡಿದುಕೊಂಡ.

"ಆಣೆ ಗೀಣೆ ಬ್ಯಾಡಿ ಗಾರ್ಡ್ ಸಾಹೇಬ್ರೆ. ನಾನೇ ಕೆಡ್ಸಿದ್ದು."

ತಾತ ಲಕೋಟೆ ಒಡೆದು, ನಡತೆ ಪತ್ರವನ್ನು ಬೀದಿಯ ಜನರೆಲ್ಲರ ಎದುರಿಗೆ ನಾಲ್ಕು ಚೂರು ಮಾಡಿದರು. ಮಾವ ಉಟ್ಟ ಬಟ್ಟೆಯಲ್ಲೇ ಹೊರಗೆ ಹೋದ. ಅವನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಕೂಡದು ಎಂದು ಅಪ್ಪಣೆಯಾಯಿತು. ಆ ವರ್ಷದ ಅಪ್ರೆಂಟಿಸ್ ಭರ್ತಿ ಮುಗಿಯಿತು, ಆಮೇಲೆ ಅವನ ವಯಸ್ಸು ಮೀರಿತು. ರೈಲು ಟ್ರಂಕು ಸೇರಿತು, ಮತ್ತೆ ಹೊರಗೆ ಬರಲಿಲ್ಲ.

ನನ್ನನ್ನು ಉಳಿಸಲು ಮಾವ ತಪ್ಪು ಹೊತ್ತುಕೊಂಡ ಎಂದು ನಾನು ನಂಬಿದೆ. ಪಿಯುಸಿ ಆದ ಮೇಲೆ ಮೆಕ್ಯಾನಿಕಲ್ ಓದುತ್ತೇನೆ ಎಂದಾಗ ಅಪ್ಪನೂ ಸೇರಿ ಎಲ್ಲರೂ ನಕ್ಕರು. ತಾತ ಒಬ್ಬರೇ ನನ್ನ ಪರ ನಿಂತು, ರೈಲಿನಲ್ಲಿ ತುಮಕೂರಿಗೆ ಕರೆದುಕೊಂಡು ಹೋಗಿ ಕಾಲೇಜಿಗೆ ಸೇರಿಸಿ ಬಂದರು. ಕ್ಲಾಸಿನಲ್ಲಿ ಹೆಣ್ಣೆಂದರೆ ನಾನೊಬ್ಬಳೇ. ಒಂದೊಂದು ಪರೀಕ್ಷೆ ಪಾಸಾದಾಗಲೂ, ಇದು ಮಾವನ ಓದು, ನಾನು ಕಿತ್ತುಕೊಂಡದ್ದು ಎನ್ನಿಸುತ್ತಿತ್ತು. ಆ ಹಿತ್ತಾಳೆ ಚಕ್ರ ಪರ್ಸಿನಲ್ಲೇ ಇರುತ್ತಿತ್ತು.

ಈಗ ಸತ್ಯಮಂಗಲದ ಷೆಡ್ಡಿನಲ್ಲಿ ಅದನ್ನು ತೆಗೆದು ಮಾವನ ಅಂಗೈಯಲ್ಲಿಟ್ಟೆ. "ನಾನು ಎಂಜಿನ್ ಬಿಚ್ಚಿದ್ದು ಮಾವ. ಇದೊಂದು ಹಾಕೋದು ಮರ್ತೋಯ್ತು. ನೀನು ನನ್ ತಪ್ಪು ತಲೆ ಮೇಲೆ ಹಾಕ್ಕೊಂಡೆ," ಎಂದು ಹೇಳುವಷ್ಟರಲ್ಲಿ ಗೊಳೋ ಎಂದು ಅತ್ತೆ. ಕೆಲಸಗಾರರು ನೋಡುತ್ತಿದ್ದರು. ರಿಜೆಕ್ಟ್ ಮೇಡಂ ಅಳುವುದು ಅವರಿಗೊಂದು ಸಿನಿಮಾ ಆಗಿರಬೇಕು.

ಮಾವ ಚಕ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಅವನ ಮುಖದಲ್ಲಿದ್ದದ್ದು ಕ್ಷಮೆಯಲ್ಲ, ಬರೀ ಆಶ್ಚರ್ಯ. "ನೀನು ಬಿಚ್ಚಿದ್ಯಾ? ಯಾವಾಗ್ಲೇ?"

ನನ್ನ ಅಳು ಅಲ್ಲೇ ನಿಂತಿತು. "ನಿಂಗೆ ಗೊತ್ತಿರ್ಲಿಲ್ವಾ?"

"ನಂಗೆಲ್ಲಿಂದ ಗೊತ್ತಾಗ್ಬೇಕು?"

"ಮತ್ತೆ ನಾನೇ ಕೆಡ್ಸಿದ್ದು ಅಂತ ಯಾಕಂದೆ? ಯಾರನ್ನ ಉಳ್ಸೋಕೆ?"

ಮಾವ ಚಿಕ್ಕಹನುಮಯ್ಯನಿಗೆ ಟೀ ತರಲು ಹೇಳಿದ. ಉಳಿದವರನ್ನೂ ಜೊತೆಗೆ ಕಳಿಸಿದ. ಹೋಗಲಿ ಬಿಡು, ಹಳೇದೆಲ್ಲ ಯಾಕೆ ಎಂದು ಮಾತು ಹಾರಿಸಲು ನೋಡಿದ. ನಾನು ಸ್ಟೂಲೆಳೆದುಕೊಂಡು ಕೂತೆ. ಹೇಳುವ ತನಕ ಏಳುವುದಿಲ್ಲ, ನಿನ್ನ ಈ ತಿಂಗಳ ಗೇರೆಲ್ಲ ರಿಜೆಕ್ಟ್ ಮಾಡುತ್ತೇನೆ ಎಂದು ಹೆದರಿಸಿದೆ.

"ಸಪ್ತಮಿ ದಿನ ಕಣೇ," ಎಂದ ಕೊನೆಗೆ. "ಗಾರ್ಡ್ ಸಾಹೇಬ್ರು ನಡುಮನೆ ಬಾಗ್ಲು ಹಾಕ್ಕೊಂಡು ರೈಲು ಸರ್ಯಾಗ್ ಓಡ್ತದಾ ಅಂತ ನೋಡ್ತಿದ್ರು. ನಾನು ಕಿಟಕಿ ಆಚೆ ಸೌದೆ ಒಡೀತಿದ್ದೆ. ಕೀಲಿ ಜಾಸ್ತಿ ಕೊಟ್ಬುಟ್ರು. ಟಣ್ ಅಂತು. ಸ್ಪ್ರಿಂಗು ತುಂಡಾಗೋಯ್ತು. ಅವ್ರು ಅದನ್ನ ಮೆತ್ತಗೆ ಜಾಗದಲ್ಲಿಟ್ಟು ಎದ್ದೋದ್ರು. ನಾನು ನೋಡಿದ್ದು ಅವ್ರಿಗೆ ಗೊತ್ತಿಲ್ಲ."

"ಮೊದ್ಲು ನಾನೇ ಆಣೆ ಮಾಡ್ತೀನಿ ಅಂತ ಕೈ ಚಾಚಿದ್ರಲ್ಲ ಮಾವ?"

"ಅದಕ್ಕೇ ತಾನೇ ಕೈ ಹಿಡ್ಕೊಂಡಿದ್ದು! ಅಕ್ಕ ಹೊಟ್ಟೆ ಹೊತ್ಕೊಂಡು ಎದ್ರಿಗೇ ನಿಂತವ್ಳೆ. ಆ ಸುಳ್ಳು ಆಣೆ ಯಾರ್ ಮೇಲ್ ಬೀಳ್ತಿತ್ತು ಹೇಳು?"

ಬಿಚ್ಚಿದ ಎಂಜಿನ್ ಕಣ್ಣ ಮುಂದೆ ಬಂತು. ನಾನು ನೋಡಿದ್ದು ಎರಡು ಸುರುಳಿ. ಅಂಥ ಎಂಜಿನ್ನಿನಲ್ಲಿ ಇರುವುದು ಒಂದೇ ಸುರುಳಿ, ಅದು ಆಗಲೇ ಎರಡು ತುಂಡಾಗಿತ್ತು. ಚಕ್ರ ಒಂದು ಇಲ್ಲದಿದ್ದರೂ ಕೀಲಿ ಕೊಡುವಾಗ ಸ್ಪ್ರಿಂಗು ಕೈಗೆ ಬಿಗಿಯಾಗಿ ಸಿಗಬೇಕು. ತಾತನ ಕೀಲಿ ಸಲೀಸಾಗಿ ತಿರುಗಿತ್ತು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಾಗುವ ವಿಷಯ. ಊರಿನವರ ಗೇರುಗಳಲ್ಲಿ ಕೂದಲೆಳೆ ವ್ಯತ್ಯಾಸ ಹುಡುಕುವ ನಾನು ನನ್ನ ನೆನಪನ್ನು ಒಂದು ಸಲವೂ ಅಳೆದು ನೋಡಿರಲಿಲ್ಲ. ನನ್ನ ಮೇಲೇ ನನಗೆ ಸಿಟ್ಟು ಬಂತು, ತಾತನ ಮೇಲೆ ಅದರ ಹತ್ತರಷ್ಟು.

"ಒಂದು ಸ್ಪ್ರಿಂಗು ಅಷ್ಟೇ," ಮಾವ ನಗುತ್ತಾ ಹೇಳಿದ. "ಗಡಿಯಾರ ರಿಪೇರಿಯವ್ನ ಹತ್ರ ಸಿಗ್ತಿತ್ತು. ಅರ್ಧ ಗಂಟೆ ಕೆಲ್ಸ. ನಂಗೆ ಹೇಳಿದ್ರೆ ನಾನೇ ಹಾಕ್ಕೊಡ್ತಿದ್ದೆ."

"ನಿಂಗೆ ಹೊಟ್ಟೆ ಉರಿಯಲ್ವಾ?"

"ಅಯ್ಯೋ ಬುಡು. ಪೂನಾದಲ್ಲಿ ಹನ್ನೊಂದು ವರ್ಷ ಲೇತ್ ಮೇಲೆ ದುಡ್ದೆ, ಕೆಲ್ಸ ಕಲ್ತೆ. ಈಗ ನಂದೇ ಷೆಡ್ಡು. ಇಂಜಿನಿಯರಮ್ಮ ಬಂದು ಅಳ್ತಾ ಕೂತವ್ಳೆ, ಇನ್ನೇನ್ ಬೇಕು? ಮುದುಕ್ರಿಗೆ ಏನೂ ಹೇಳ್ಬೇಡ. ರಂಗಕ್ಕಂಗೂ ಅಷ್ಟೇ. ನಾನಿಲ್ಲಿರೋದು ಅವ್ಳಿಗೆ ಗೊತ್ತು, ಈ ಕತೆ ಗೊತ್ತಿಲ್ಲ."

ಅಮ್ಮನಿಗೆ ಗೊತ್ತು! ಆ ಸಂಜೆ ಗುಬ್ಬಿಗೆ ಹೋದವಳೇ ಅಡುಗೆಮನೆಗೆ ನುಗ್ಗಿ, ಎರಡು ವರ್ಷದಿಂದ ಮಾವ ತುಮಕೂರಿನಲ್ಲಿದ್ದರೂ ನನಗೆ ಯಾಕೆ ಹೇಳಲಿಲ್ಲ ಎಂದು ರೇಗಾಡಿದೆ. "ನಿಂಗೆ ಹೇಳಿದ್ರೆ ನಿನ್ ಬಾಯಿ ಸುಮ್ನಿರ್ತಿತ್ತಾ?" ಎಂದಳು ಅಮ್ಮ. ಆ ಮಾತು ಸುಳ್ಳಲ್ಲವೆಂದು ಅಲ್ಲೇ ತೋರಿಸಿಕೊಟ್ಟೆ. ಮಾವ ಹೇಳಬೇಡ ಎಂದದ್ದನ್ನೆಲ್ಲ ಹೇಳಿಬಿಟ್ಟೆ. ರೊಟ್ಟಿ ತಟ್ಟುತ್ತಿದ್ದ ಅವಳ ಕೈ ನಿಂತಿತು. ಕಾವಲಿಯ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಅವಳು ತೆಗೆಯಲಿಲ್ಲ. "ನಾನೂ ಅವ್ನೇ ಕೆಡ್ಸಿದ್ದು ಅಂದ್ಕೊಂಡಿದ್ನಲ್ಲೇ. ಒಡಹುಟ್ಟಿದೋಳು ನಾನೂ ಹಂಗೇ ಅಂದ್ಕೊಂಡಿದ್ನಲ್ಲೇ," ಎಂದಳು.

ಬೆಳಿಗ್ಗೆ ತಾತ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಎಪ್ಪತ್ತೈದು ದಾಟಿದ್ದರೂ ಬೆನ್ನು ನೆಟ್ಟಗೆ. ಎದುರಿಗೆ ಹೋಗಿ ನಿಂತೆ.

"ತಾತ, ಅಂಜನಪ್ಪ ಮಾವ ಸಿಕ್ಕಿದ್ದ. ಎಲ್ಲಾ ಹೇಳ್ದ. ಸಪ್ತಮಿ ದಿನ ಕಿಟಕಿ ಆಚೆ ಇದ್ನಂತೆ."

ಪೇಪರ್ ಕೆಳಗಿಳಿಯಲಿಲ್ಲ. ಅದರ ಹಿಂದಿನಿಂದಲೇ ಕೇಳಿದರು, "ಬೈದ್ನಾ ನನ್ನ?"

"ಇಲ್ಲ. ನಕ್ಕ."

"ಬೈಬೇಕಾಗಿತ್ತು," ಎಂದರು.

ನಾನು ಕ್ರಿಕೆಟ್ ಕಾಮೆಂಟರಿಯವರ ಹಾಗೆ ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಒಂದು ಸ್ಪ್ರಿಂಗಿಗಾಗಿ ಒಬ್ಬನ ಜೀವನ ತೆಗೆದಿರಿ, ಬೀದಿಯವರು ನಗುತ್ತಾರೆಂದು ದೇವರ ಮುಂದೆಯೇ ಸುಳ್ಳು ಹೇಳಲು ಹೊರಟಿರಿ ಎಂದೆ. ಅವರು ತಡೆಯಲಿಲ್ಲ. ಕೂಗಿ ಕೂಗಿ ಸುಸ್ತಾದ ಮೇಲೆ, ಕೇಳಬಾರದೆಂದುಕೊಂಡಿದ್ದನ್ನೂ ಕೇಳಿದೆ. "ನನ್ನ ಇಂಜಿನಿಯರಿಂಗ್ ಓದ್ಸಿದ್ದು ಇದಕ್ಕೇನಾ? ಅವನಿಗೆ ತಪ್ಪಿಸಿದ್ದು ನನಗೆ ಕೊಟ್ರಾ?"

ಅವರು ಪೇಪರ್ ಮಡಿಸಿದರು. "ಮೊದ್ಲು ಅದಕ್ಕೇನೇ ಕಣವ್ವ. ಆಮೇಲಾಮೇಲೆ ನಿನಗೋಸ್ಕರ."

ಇಲ್ಲ ಎನ್ನುತ್ತಾರೆ ಎಂದು ಕಾದಿದ್ದೆ. ನನ್ನ ಮೇಲಿನ ಪ್ರೀತಿಯಿಂದ ಎನ್ನುತ್ತಾರೆ ಎಂದುಕೊಂಡಿದ್ದೆ. ಅಲ್ಲೇ ಜಗಲಿಯ ಅಂಚಿನಲ್ಲಿ ಕೂತೆ. ತಾತ ಎದ್ದು ಒಳಗೆ ಹೋಗಿ, ಅಂಗಿ ಬದಲಿಸಿಕೊಂಡು ಬಂದರು. "ನಡಿ, ಅವ್ನ ಹತ್ರ ಕರ್ಕೊಂಡೋಗು," ಎಂದರು.

ಹತ್ತು ಗಂಟೆಯ ರೈಲಿನಲ್ಲಿ ತುಮಕೂರಿಗೆ ಬಂದು, ಸತ್ಯಮಂಗಲಕ್ಕೆ ಆಟೋ ಹಿಡಿದೆವು. ಷೆಡ್ಡಿನ ಬಾಗಿಲಲ್ಲಿ ಅವರನ್ನು ಕಂಡ ಕೂಡಲೇ ಮಾವ ಮಷೀನು ನಿಲ್ಲಿಸಿ, "ಬನ್ನಿ ಗಾರ್ಡ್ ಸಾಹೇಬ್ರೆ, ಕೂತ್ಕೊಳಿ," ಎಂದು ಸ್ಟೂಲು ಒರೆಸಿದ. ನನ್ನ ಕಡೆ ಒಂದು ಸಲ ಕಣ್ಣು ಕೆಕ್ಕರಿಸಿದ. ಕೆಲಸಗಾರರನ್ನು ಹೊರಗೆ ಕಳಿಸಲು ಹೊರಟವನನ್ನು ತಾತ ತಡೆದರು.

"ಎಲ್ರೂ ಇರ್ಲಿ. ಅವತ್ತೂ ಎಲ್ರೂ ಇದ್ರು," ಎಂದವರು, ಆ ಅಪರಿಚಿತರ ಕಡೆ ತಿರುಗಿ, ಪ್ಲಾಟ್‌ಫಾರಮ್ಮಿನಲ್ಲಿ ಕೂಗಿ ಹೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದರು. "ಹದಿಮೂರು ವರ್ಷದ ಕೆಳಗೆ ನಮ್ಮನೆ ರೈಲು ಕೆಡ್ಸಿದ್ದು ನಾನು. ಇವ್ನಲ್ಲ. ಗೊತ್ತಿದ್ದೂ ಇವ್ನ ನಡತೆ ಪತ್ರ ಹರಿದಾಕ್ದೆ. ಇವ್ನ ನಡತೇಲಿ ಏನೂ ಕೊರತೆ ಇರ್ಲಿಲ್ಲ."

ಚಿಕ್ಕಹನುಮಯ್ಯ ತಬ್ಬಿಬ್ಬಾಗಿ ಕೈ ಮುಗಿದ. ಮಾವ ಎಂದಿನಂತೆ ನಗುತ್ತಾನೆ, ಬುಡಿ ಎನ್ನುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನ ಮುಖ ನೋಡಿ ಹೆದರಿಕೆಯಾಯಿತು.

"ಹದ್ಮೂರು ವರ್ಷ ಬೇಕಾಯ್ತಾ ಇದನ್ನ ಹೇಳೋಕೆ?" ಎಂದು ಅರಚಿದ. ಶೀಟುಗಳು ಗುಂಯ್‌ಗುಟ್ಟಿದವು. "ಎರಡು ದಿನ ಕೂತಿದ್ದೆ ಕಣ್ರೀ ಗುಬ್ಬಿ ಸ್ಟೇಷನ್ ಬೆಂಚಿನ್ ಮೇಲೆ! ಉಪವಾಸ! ಜನದ್ ಮುಂದೆ ಹೇಳಕ್ಕಾಗ್ಲಿಲ್ಲ, ಕತ್ಲಾಗೋದ್ರೊಳಗೆ ಬರ್ತಾರೆ, ತಪ್ಪಾಯ್ತು ಬಾರ್ಲಾ ಅಂತಾರೆ ಅಂತ ಕಾದೆ. ವಿಜಯದಶಮಿ ಮುಗ್ಯೋಗಂಟ ಕಾದೆ. ಒಂದ್ ಸಲ ಬರಕ್ಕಾಗ್ಲಿಲ್ವಾ ನಿಮ್ಗೆ? ಎರಡೇ ಬೀದಿ ಕಣ್ರೀ!"

ಇದನ್ನು ಅವನು ನನಗೆ ಹೇಳಿರಲಿಲ್ಲ. ಅವನ ನಗುವನ್ನು ನಾನು ಹಿಂದಿನ ದಿನ ಪೂರ್ತಿ ನಂಬಿದ್ದೆ.

ತಾತ ತಲೆ ಎತ್ತದೆ ಹೇಳಿದರು. "ಬಂದಿದ್ದೆ."

"ಏನು?"

"ಎರಡು ದಿನಾನೂ ಬಂದಿದ್ದೆ. ಗೂಡ್ಸ್ ಷೆಡ್ ಹಿಂದ್ಗಡೆ ನಿಂತು ನಿನ್ನ ನೋಡ್ತಿದ್ದೆ. ಹತ್ರ ಬರೋಕೆ ಕಾಲು ಬರ್ಲಿಲ್ಲ. ನೀನು ಅರಸೀಕೆರೆ ಗಾಡಿ ಹತ್ತಿದ್ ಮೇಲೆ ಮನೆಗೆ ಹೋದೆ."

ಮಾವ ಲೇತನ್ನು ಹಿಡಿದುಕೊಂಡು ನಿಂತ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ. ನೋಡಿಯೂ ಹೋದ್ರಾ, ನೋಡಿಯೂ ಹೋದ್ರಾ ಎಂದು ಎರಡು ಸಲ ಮೆಲ್ಲಗೆ ಅಂದ. ಆಮೇಲೆ ದನಿ ಸರಿಮಾಡಿಕೊಂಡು ಹೇಳಿದ.

"ಇವತ್ತು ಹೋಗಿ ಗಾರ್ಡ್ ಸಾಹೇಬ್ರೆ. ನಾನೇ ಬರ್ತೀನಿ ಗುಬ್ಬಿಗೆ. ಇವತ್ತೊಂದಿನ ನನ್ ಕಣ್ ಮುಂದೆ ನಿಲ್ಬೇಡಿ."

ತಾತ ಸರಿ ಎಂದು ತಲೆಯಾಡಿಸಿ ಹೊರಗೆ ಬಂದರು. ನಾನು ಹಿಂದೆಯೇ ಬಂದೆ. ಬಸ್ ಸ್ಟಾಪಿನ ಕಲ್ಲಿನ ಮೇಲೆ ಅವರು ಕೂತರು. ನೆಟ್ಟಗಿದ್ದ ಬೆನ್ನು ಬಾಗಿದ್ದನ್ನು ನಾನು ಮೊದಲ ಸಲ ನೋಡಿದೆ. ಒಂದು ಸಿಟಿ ಬಸ್ಸು ಬಂದು ಹೋಯಿತು, ಏಳಲಿಲ್ಲ.

"ಬರ್ತೀನಿ ಅಂದ್ನಲ್ಲ?" ಎಂದು ಕೇಳಿದರು.

"ಅಂದ ತಾತ."

"ಯಾವತ್ತು ಅಂತ ಹೇಳ್ಲಿಲ್ಲ ಅಲ್ವಾ?"

"ಹೇಳ್ಲಿಲ್ಲ."

"ಕಾಯ್ತೀನಿ ಬುಡು," ಎಂದರು.